39 ಟ್ರಿಗರ್, 13 ಕೊಂಡಿ: ಅಡಿಕೆ ಮಂಡಿಯ ಹಳೇ ಪೋಸ್ಟ್‌ಗ್ರೆಸ್ ಬಿಚ್ಚಿದ ಕಥೆ

ಶಿವಮೊಗ್ಗದ ಒಂದು ಅಡಿಕೆ ಮಂಡಿಯ ಕಂಪ್ಯೂಟರ್ ಕೆಲಸ ನನ್ನ ತಲೆಗೆ ಬಂದು ಎಂಟು ವರ್ಷವಾಯಿತು. ಬೆಳೆಗಾರರು ಚೀಲ ತಂದು ಇಳಿಸುತ್ತಾರೆ, ತೂಕವಾಗುತ್ತದೆ, ಲಾಟ್ ನಂಬರ್ ಬೀಳುತ್ತದೆ, ವ್ಯಾಪಾರ ಮುಗಿದ ಮೇಲೆ ಪಟ್ಟಿ, ಅಂದರೆ ಮಾರಾಟದ ಲೆಕ್ಕದ ಚೀಟಿ, ಪ್ರಿಂಟ್ ಆಗುತ್ತದೆ. ಇದಿಷ್ಟೂ ಒಂದು ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ನಡೆಯುತ್ತದೆ. 2002ರಲ್ಲಿ ಯಾರೋ ಕಟ್ಟಿದ್ದು. ಅವರು ಬಿಟ್ಟು ಹೋದ ರೀಡ್‌ಮಿ ಫೈಲ್‌ನಲ್ಲಿ ಪೋಸ್ಟ್‌ಗ್ರೆಸ್ ಆವೃತ್ತಿ 7.2 ಎಂದಿದೆ. ಆಮೇಲೆ ಬಂದವರು 7.4ಕ್ಕೆ ಏರಿಸಿದ್ದಾರೆ. ಅದಾದ ಮೇಲೆ ಇನ್ನೊಬ್ಬರು ಸೆಂಟ್‌ಒಎಸ್ 5 ಎಂಬ ಲಿನಕ್ಸ್ ಹಾಕಿ, ಅದರ ಜೊತೆಗೇ ಬರುವ 8.1ರಲ್ಲಿ ತಂದು ನಿಲ್ಲಿಸಿದ್ದಾರೆ. ನನ್ನ ಕೈಗೆ ಬಂದಾಗ ಅದು ಅಲ್ಲೇ ಇತ್ತು. ನಾನೂ ಕೈ ಹಾಕಲಿಲ್ಲ. ಓಡುತ್ತಿರುವ ಗಾಡಿಯ ಬಾನೆಟ್ ಯಾಕೆ ಎತ್ತಬೇಕು, ಅಲ್ವಾ?

ಈ ಮಳೆಗಾಲದಲ್ಲಿ ಆ ಮೆಷಿನ್‌ನ ಪವರ್ ಸಪ್ಲೈ ಎರಡು ಸಲ ಹೋಯಿತು. ಎರಡನೇ ಸಲ ಬದಲಿ ಹುಡುಕಲು ಮೂರು ದಿನ ಬೇಕಾಯಿತು. ಆ ಮೂರು ದಿನ ಕೈಯಲ್ಲೇ ಪಟ್ಟಿ ಬರೆದರು. ಮಾಲೀಕರು ಕರೆದು, "ಹೊಸ ಮೆಷಿನ್ ತಗೊಳ್ಳಿ, ಆದ್ರೆ ಒಂದು ಲೆಕ್ಕಾನೂ ತಪ್ಪಬಾರದು" ಎಂದರು. ಹೊಸ ಮೆಷಿನ್ ಬಂತು, ಅದರಲ್ಲಿ ಪೋಸ್ಟ್‌ಗ್ರೆಸ್ 16 ಹಾಕಿದೆ. 8.1ರಿಂದ 16ಕ್ಕೆ ಒಂದೇ ನೆಗೆತ.

ಡಂಪ್ ತೆಗೆಯುವಲ್ಲೇ, ಅಂದರೆ ಡೇಟಾಬೇಸನ್ನು ಒಂದು ಫೈಲ್‌ಗೆ ಇಳಿಸಿಕೊಳ್ಳುವಲ್ಲೇ, ಮೊದಲ ಎಡವಟ್ಟು. ಆ ಕೆಲಸ ಮಾಡುವ 16ರ ಪಿಜಿ_ಡಂಪ್ ಇಷ್ಟು ಹಳೇ ಸರ್ವರ್ ಜೊತೆ ಮಾತೇ ಆಡುವುದಿಲ್ಲ. 15ನೇ ಆವೃತ್ತಿಯಿಂದ ಅದು 9.2ಕ್ಕಿಂತ ಹಿಂದಿನದನ್ನು ಕೈಬಿಟ್ಟಿದೆ. 14ರದ್ದು ಮಾತ್ರ 8.0ವರೆಗೂ ಹಿಂದೆ ಹೋಗುತ್ತದೆ. ಹಾಗಾಗಿ ಹೊಸ ಮೆಷಿನ್‌ನಲ್ಲಿ 14ರ ಕ್ಲೈಂಟ್ ಪ್ಯಾಕೇಜ್ ಬೇರೆಯಾಗಿ ಹಾಕಿ, ನೆಟ್‌ವರ್ಕ್ ಮೇಲೆ ಹಳೇ ಸರ್ವರ್‌ನಿಂದ ಕಸ್ಟಮ್ ಫಾರ್ಮ್ಯಾಟ್‌ನಲ್ಲಿ ಡಂಪ್ ಎಳೆದೆ. ನಾಲ್ಕು ನಿಮಿಷ ಅಷ್ಟೆ.

ಸುಮ್ನೆ ಒಳಗೇನಿದೆ ನೋಡೋಣ ಅಂತ, ಡಂಪನ್ನು ವಾಪಸ್ ತುಂಬುವ ಪಿಜಿ_ರಿಸ್ಟೋರ್‌ಗೆ ಪಟ್ಟಿ ಮಾಡಲು ಹೇಳಿದೆ. ಟೇಬಲ್, ಇಂಡೆಕ್ಸ್, ಸೀಕ್ವೆನ್ಸ್ ಎಲ್ಲಾ ಇತ್ತು. ಒಂದು ಟೇಬಲ್‌ನ್ನು ಇನ್ನೊಂದಕ್ಕೆ ಕಟ್ಟುವ ಕೊಂಡಿ, ಅಂದರೆ ಫಾರಿನ್ ಕೀ ಮಾತ್ರ ಒಂದೂ ಇಲ್ಲ! ಬದಲಿಗೆ ಕೊನೆಯಲ್ಲಿ ಸಾಲಾಗಿ ಟ್ರಿಗರ್‌ಗಳು, ಅಂದರೆ ಡೇಟಾ ಬದಲಾದಾಗ ತಾವಾಗಿ ಓಡುವ ಕಾವಲುಗಳು. ಎಲ್ಲದರ ಹೆಸರೂ ಆರ್‌ಐ_ಕನ್‌ಸ್ಟ್ರೇಂಟ್‌ಟ್ರಿಗರ್, ಅದರ ಬಾಲಕ್ಕೆ ಒಂದೊಂದು ನಂಬರ್.

ಇದನ್ನು ಪುಸ್ತಕದಲ್ಲಿ ಓದಿದ್ದೆ, ಕಣ್ಣಾರೆ ಕಂಡದ್ದು ಇದೇ ಮೊದಲು.

ಹಿನ್ನೆಲೆ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಪೋಸ್ಟ್‌ಗ್ರೆಸ್‌ಗೆ ಫಾರಿನ್ ಕೀ ಬಂದದ್ದು 2000ದಲ್ಲಿ, 7.0ರ ಜೊತೆ. ಒಳಗೆ ಅದು ಟ್ರಿಗರ್‌ಗಳ ಮೇಲೆ ನಿಂತಿತ್ತು. ಒಂದು ಫಾರಿನ್ ಕೀಗೆ ಮೂರು ಟ್ರಿಗರ್. ಮಗು ಟೇಬಲ್ ಮೇಲೆ ಒಂದು: ಹೊಸ ಸಾಲು ಬಂದಾಗ ಅಥವಾ ಬದಲಾದಾಗ, ತಾಯಿ ಟೇಬಲ್‌ನಲ್ಲಿ ಆ ನಂಬರ್ ಇದೆಯಾ ಎಂದು ನೋಡುತ್ತದೆ. ತಾಯಿ ಟೇಬಲ್ ಮೇಲೆ ಎರಡು: ಒಂದು ಡಿಲೀಟ್ ಕಾಯುತ್ತದೆ, ಇನ್ನೊಂದು ಅಪ್‌ಡೇಟ್ ಕಾಯುತ್ತದೆ. ಈಗಿನ ಪೋಸ್ಟ್‌ಗ್ರೆಸ್‌ನಲ್ಲೂ ಒಳಗೆ ಇರುವುದು ಟ್ರಿಗರ್‌ಗಳೇ. ಒಂದು ಜಾಸ್ತಿಯಾಗಿ ನಾಲ್ಕಾಗಿವೆ, ಅಷ್ಟೆ. ವ್ಯತ್ಯಾಸ ಇರುವುದು ಬೇರೆ ಕಡೆ. 7.2ರವರೆಗೆ "ಈ ಮೂರೂ ಸೇರಿ ಒಂದು ಫಾರಿನ್ ಕೀ" ಎಂದು ಎಲ್ಲೂ ಬರೆದಿಟ್ಟಿರುತ್ತಿರಲಿಲ್ಲ. ಮೂರು ಬಿಡಿ ಮೊಳೆಗಳು. ಒಂದನ್ನು ಕಿತ್ತರೆ ಉಳಿದೆರಡಕ್ಕೆ ಗೊತ್ತಾಗುತ್ತಿರಲಿಲ್ಲ. 2002ರ ನವೆಂಬರ್‌ನಲ್ಲಿ ಬಂದ 7.3ರಲ್ಲಿ ಪಿಜಿ_ಕನ್‌ಸ್ಟ್ರೇಂಟ್ ಮತ್ತು ಪಿಜಿ_ಡಿಪೆಂಡ್ ಎಂಬ ಎರಡು ಕ್ಯಾಟಲಾಗ್ ಟೇಬಲ್ (ಡೇಟಾಬೇಸ್ ತನ್ನ ಬಗ್ಗೆ ತಾನೇ ಬರೆದಿಟ್ಟುಕೊಳ್ಳುವ ಟೇಬಲ್) ಸೇರಿದವು. ಅಲ್ಲಿಂದ ಮುಂದೆ ಫಾರಿನ್ ಕೀಗೆ ತನ್ನದೇ ಒಂದು ದಾಖಲೆ, ಆ ದಾಖಲೆಗೆ ಟ್ರಿಗರ್‌ಗಳು ಕಟ್ಟುಬಿದ್ದಿರುತ್ತವೆ. ಒಂದು ಟ್ರಿಗರ್ ಮಾತ್ರ ಕೀಳಲು ಹೋದರೆ, ಇದು ಕನ್‌ಸ್ಟ್ರೇಂಟ್‌ಗೆ (ಫಾರಿನ್ ಕೀಯಂಥ ನಿಯಮಗಳಿಗೆ ಇರುವ ಹೆಸರು) ಬೇಕು, ಆಗಲ್ಲ ಎನ್ನುತ್ತದೆ.

ಆದರೆ 7.2ರ ಡಂಪ್ ಫೈಲ್‌ನಲ್ಲಿ ಫಾರಿನ್ ಕೀ ಎಂದು ಬರೆದಿರುತ್ತಿರಲಿಲ್ಲ, ಬಿಡಿ ಟ್ರಿಗರ್ ಎಂದೇ ಬರೆದಿರುತ್ತಿತ್ತು. ಅದನ್ನು 7.4ಕ್ಕೆ ತುಂಬಿದರೆ ಮತ್ತೆ ಬಿಡಿ ಟ್ರಿಗರ್. 8.1ಕ್ಕೆ ತುಂಬಿದರೆ ಅಲ್ಲೂ ಅದೇ. ಕೆಲಸ ಮಾಡುತ್ತಲೇ ಇರುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಇದನ್ನು ಸರಿಮಾಡಲೆಂದೇ 7.3ರ ಜೊತೆ ಬರುವ ಹೆಚ್ಚುವರಿ ಸಾಮಾನಿನ ಕಾಂಟ್ರಿಬ್ ಫೋಲ್ಡರ್‌ನಲ್ಲಿ ಆಡ್‌ಡಿಪೆಂಡ್ ಎಂಬ ಪರ್ಲ್ ಸ್ಕ್ರಿಪ್ಟ್ ಇಟ್ಟಿದ್ದರು. ಮೂರು ಮೂರು ಟ್ರಿಗರ್‌ಗಳನ್ನು ಹುಡುಕಿ, ಅವನ್ನು ಕಿತ್ತು, ಅದೇ ಅರ್ಥದ ಫಾರಿನ್ ಕೀ ಹಾಕುವುದು ಅದರ ಕೆಲಸ. ಪ್ರತಿಯೊಂದಕ್ಕೂ "ಈ ಕಮಾಂಡ್ ಓಡಿಸಲೇ?" ಎಂದು ಕೇಳುವಷ್ಟು ಮರ್ಯಾದೆಯೂ ಇತ್ತು. ಈ ಮಂಡಿಯಲ್ಲಿ 7.4ಕ್ಕೆ ಏರಿಸಿದವರು ಅದನ್ನು ಓಡಿಸಿಲ್ಲ. ಅವರನ್ನು ಬೈಯುವುದಿಲ್ಲ. ಎಲ್ಲಾ ಸರಿಯಾಗಿ ನಡೆಯುತ್ತಿದ್ದಾಗ ಕಾಂಟ್ರಿಬ್ ಫೋಲ್ಡರ್‌ನ ರೀಡ್‌ಮಿ ಓದುವವರು ಯಾರು?

2008ರ 8.3ರಿಂದ ಸರ್ವರ್ರೇ ಈ ಕೆಲಸ ಕಲಿತಿತ್ತು. ಡಂಪ್ ತುಂಬುವಾಗ ಒಂದೇ ಗುಂಪಿನ ಮೂರೂ ಟ್ರಿಗರ್ ಬಂದರೆ ಅದನ್ನು ತಾನೇ ಫಾರಿನ್ ಕೀ ಮಾಡಿಕೊಳ್ಳುತ್ತಿತ್ತು. 2020ರ 13ನೇ ಆವೃತ್ತಿಯಲ್ಲಿ ಆ ಸೌಲಭ್ಯ ತೆಗೆದುಹಾಕಿದರು. ಹದಿನೆಂಟು ವರ್ಷ ಕಾದ ಮೇಲೆ ಇನ್ನೂ ಯಾರು 7.2ರ ಡಂಪ್ ತರುತ್ತಾರೆ ಅಂದುಕೊಂಡಿರಬೇಕು. ನಾನು ತಂದೆ.

ನಡುವೆ 12ರಲ್ಲಿ ಒಮ್ಮೆ ಇಳಿಸಿ, ಅಲ್ಲಿ ಪರಿವರ್ತನೆಯಾದ ಮೇಲೆ 16ಕ್ಕೆ ಹೋಗುವ ದಾರಿ ಇತ್ತು. ನನಗೆ ಅದು ಹಿಡಿಸಲಿಲ್ಲ. ಗುಂಪು ಪೂರ್ತಿ ಇಲ್ಲದಿದ್ದರೆ ಅದು ಎರರ್ ಕೊಡುವುದಿಲ್ಲ. "ಅಪೂರ್ಣ ಗುಂಪು, ಬಿಟ್ಟಿದ್ದೇನೆ" ಎಂಬ ಅರ್ಥದ ಒಂದು ನೋಟಿಸ್ ಕೊಟ್ಟು ಮುಂದೆ ಹೋಗುತ್ತದೆ. ಸಾವಿರ ಸಾಲು ಓಡುವ ಪರದೆಯಲ್ಲಿ ಆ ಒಂದು ಸಾಲು ಯಾರ ಕಣ್ಣಿಗೆ ಬೀಳಬೇಕು? ನನಗೆ ಗೊತ್ತಾಗಬೇಕಾದದ್ದೇ ಆ ಅಪೂರ್ಣ ಗುಂಪುಗಳು. ಕೈಯಲ್ಲೇ ಮಾಡೋಣ ಎಂದು ಕೂತೆ.

ಎಣಿಕೆ

ಮೊದಲು 8.1ರ ಒಂದು ನಕಲು ಮಾಡಿಕೊಂಡೆ. ಓಡುತ್ತಿರುವ ಸರ್ವರ್ ಮುಟ್ಟುವ ಧೈರ್ಯ ನನಗಿಲ್ಲ. ನಕಲಿನಲ್ಲಿ ಪಿಜಿ_ಟ್ರಿಗರ್ ಎಂಬ ಕ್ಯಾಟಲಾಗ್ ಟೇಬಲ್‌ನಿಂದ ಕನ್‌ಸ್ಟ್ರೇಂಟ್ ಟ್ರಿಗರ್‌ಗಳನ್ನು ಮಾತ್ರ ಆರಿಸಿದೆ. ಅವುಗಳಲ್ಲಿ ಪಿಜಿ_ಡಿಪೆಂಡ್ ಮೂಲಕ ಯಾವ ಕನ್‌ಸ್ಟ್ರೇಂಟ್‌ಗೂ ಕಟ್ಟುಬಿದ್ದಿಲ್ಲದವು ಎಷ್ಟು ಎಂದು ಕೇಳಿದೆ.

39.

ಪ್ರೋಗ್ರಾಂ ನೋಡಿ ನಾನೇ ಪೇಪರ್ ಮೇಲೆ ಬರೆದುಕೊಂಡಿದ್ದ ಕೊಂಡಿಗಳು 13. ಹದಿಮೂರು ಮೂರಲೆ ಮೂವತ್ತೊಂಬತ್ತು. ಭಾರಿ ಖುಷಿಯಾಯಿತು. ಎಲ್ಲಾ ಗುಂಪೂ ಪೂರ್ತಿ ಇದೆ, ಹದಿಮೂರು ಕಮಾಂಡ್ ಬರೆದರೆ ಮುಗಿಯಿತು ಎಂದು ಚಹಾ ಕುಡಿಯಲು ಎದ್ದೆ. ಆ ಚಹಾದ ಹೊತ್ತಲ್ಲಿ ನಾನು ಕೆಲಸ ಮುಗಿಸಿಬಿಟ್ಟಿದ್ದರೆ ಈ ಬರಹ ಇರುತ್ತಿರಲಿಲ್ಲ, ಆರು ತಿಂಗಳ ಮೇಲೆ ಒಂದು ಜಗಳ ಇರುತ್ತಿತ್ತು.

ವಾಪಸ್ ಬಂದು ಕಮಾಂಡ್ ಬರೆಯಲು ವಿವರ ಬೇಕಲ್ಲ, ಅದನ್ನು ತೆಗೆದೆ. ಈ ಟ್ರಿಗರ್‌ಗಳ ಪೂರ್ತಿ ಜಾತಕ ಇರುವುದು ಅವುಗಳ ಆರ್ಗ್ಯುಮೆಂಟ್ ಕಾಲಂನಲ್ಲಿ. ಅದು ಬೈಟ್‌ಗಳ ರೂಪದಲ್ಲಿದೆ. ಎಸ್ಕೇಪ್ ಮಾಡಿ ಓದಿದರೆ ಆರು ತುಂಡು, ನಡುನಡುವೆ \000 ಎಂಬ ಗುರುತು. ಮೊದಲ ತುಂಡು ಕನ್‌ಸ್ಟ್ರೇಂಟ್ ಹೆಸರು. ಇಲ್ಲಿ ಎಲ್ಲದಕ್ಕೂ ಒಂದೇ ಹೆಸರು: ಕೋನ ಆವರಣದೊಳಗೆ ‘ಅನ್‌ನೇಮ್ಡ್’. ನಾಮಕರಣವೇ ಆಗಿಲ್ಲದ ಹದಿಮೂರು ಮಕ್ಕಳು. ಎರಡನೆಯದು ಮಗು ಟೇಬಲ್, ಮೂರನೆಯದು ತಾಯಿ ಟೇಬಲ್. ನಾಲ್ಕನೆಯದು ‘ಅನ್‌ಸ್ಪೆಸಿಫೈಡ್’, ಅಂದರೆ ಮಾಮೂಲಿ ಹೊಂದಾಣಿಕೆ. ಐದು ಮತ್ತು ಆರು, ಎರಡೂ ಕಡೆಯ ಕಾಲಂ ಹೆಸರು. ಡಿಲೀಟ್ ಆದಾಗ ಏನಾಗಬೇಕು ಎಂಬುದು ಮಾತ್ರ ಇಲ್ಲಿರುವುದಿಲ್ಲ. ಅದು ಟ್ರಿಗರ್ ಕರೆಯುವ ಫಂಕ್ಷನ್ ಹೆಸರಿನಲ್ಲೇ ಇದೆ: ‘ನೋ ಆಕ್ಷನ್ ಡೆಲ್’, ‘ಕ್ಯಾಸ್ಕೇಡ್ ಡೆಲ್’ ಹೀಗೆ. ತಡಮಾಡಿ ನೋಡುವ ಡಿಫರ್ ಗುರುತು ಬೇರೆ ಎರಡು ಕಾಲಂನಲ್ಲಿರುತ್ತದೆ. ಅದನ್ನು ಮರೆಯಬಾರದು. ನನ್ನ ಹದಿಮೂರರಲ್ಲಿ ಒಂದಕ್ಕೆ ಅದಿತ್ತು.

ಆರ್ಗ್ಯುಮೆಂಟ್ ಮೇಲೆ ಗುಂಪು ಮಾಡಿ, ಒಂದೊಂದು ಗುಂಪಿನಲ್ಲಿ ಎಷ್ಟು ಟ್ರಿಗರ್ ಇದೆ ಎಂದು ಎಣಿಸಿದೆ. ಹತ್ತು ಗುಂಪಿನಲ್ಲಿ ಮೂರು ಮೂರು. ಹನ್ನೊಂದನೆಯದರಲ್ಲಿ ಆರು. ಹನ್ನೆರಡನೆಯದರಲ್ಲಿ ಎರಡು. ಹದಿಮೂರನೆಯದರಲ್ಲಿ ಒಂದೇ ಒಂದು.

ಮೂವತ್ತು, ಆರು, ಎರಡು, ಒಂದು. ಮೂವತ್ತೊಂಬತ್ತು! ಮೊತ್ತ ಸರಿ, ಒಳಗೆಲ್ಲಾ ತಪ್ಪು. ಮಂಡಿಯವರು ಇದನ್ನು ಕೇಳಿ ನಗುತ್ತಾರೆ. ಒಟ್ಟು ಚೀಲ ಸರಿ ಇದ್ದು, ಯಾರ ಚೀಲ ಯಾರ ಹೆಸರಿಗೆ ಎಂಬುದು ಅದಲುಬದಲಾಗುವುದು ಅವರಿಗೆ ಹೊಸದಲ್ಲ.

ಆರು ಇದ್ದ ಗುಂಪು

ಪಟ್ಟಿಯ ಒಳಸಾಲುಗಳ ಟೇಬಲ್‌ನಿಂದ ಪಟ್ಟಿ ಟೇಬಲ್‌ಗೆ ಇರುವ ಕೊಂಡಿ ಇದು. ಬಿಡಿ ಟ್ರಿಗರ್‌ಗೆ ಸರ್ವರ್ ತಾನೇ ನಂಬರ್ ಹಾಕಿ ಹೊಸ ಹೆಸರು ಕೊಡುತ್ತಿತ್ತು. ಹಾಗಾಗಿ ಎರಡು ಸಲ ಹಾಕಿದರೂ "ಈ ಹೆಸರು ಆಗಲೇ ಇದೆ" ಎಂಬ ತಕರಾರು ಬರುತ್ತಿರಲಿಲ್ಲ. ಯಾರೋ ಎರಡನೇ ಸಲ ಹಾಕಿದ್ದಾರೆ. ಹಾಕುವಾಗ ಮನಸ್ಸೂ ಬದಲಿಸಿದ್ದಾರೆ. ಮೊದಲ ಮೂರರಲ್ಲಿ ಡಿಲೀಟ್‌ಗೆ ‘ನೋ ಆಕ್ಷನ್’, ಎರಡನೇ ಮೂರರಲ್ಲಿ ‘ಕ್ಯಾಸ್ಕೇಡ್’. ಅಂದರೆ ಪಟ್ಟಿ ಅಳಿಸಿದರೆ ಒಬ್ಬ ಕಾವಲುಗಾರ ತಡೆಯುತ್ತಾನೆ, ಇನ್ನೊಬ್ಬ ಒಳಸಾಲುಗಳನ್ನೂ ಗುಡಿಸಿ ಹಾಕುತ್ತಾನೆ.

ಯಾರು ಗೆಲ್ಲುತ್ತಾರೆ? 7.3ರಿಂದ ಟ್ರಿಗರ್‌ಗಳು ಹೆಸರಿನ ಅಕ್ಷರ ಕ್ರಮದಲ್ಲಿ ಓಡುತ್ತವೆ. ಇಲ್ಲಿ ಹೆಸರಿನ ಬಾಲದಲ್ಲಿ ಇರುವುದು ನಂಬರ್. ‘ನೋ ಆಕ್ಷನ್’ ಟ್ರಿಗರ್‌ನ ನಂಬರ್ ಚಿಕ್ಕದು. ಅದೇ ಮೊದಲು ಎದ್ದು ಎರರ್ ಎಸೆಯುತ್ತದೆ, ಕ್ಯಾಸ್ಕೇಡ್‌ನ ಸರದಿ ಬರುವುದೇ ಇಲ್ಲ. ನಕಲಿನಲ್ಲಿ ಒಂದು ಪಟ್ಟಿ ಅಳಿಸಿ ನೋಡಿದೆ. ಹಾಗೇ ಆಯಿತು. ಇಷ್ಟು ವರ್ಷ ಈ ಡೇಟಾಬೇಸ್‌ನ ನಡತೆ ನಿಂತಿದ್ದದ್ದು ಎರಡು ನಂಬರ್‌ಗಳಲ್ಲಿ ಯಾವುದು ಚಿಕ್ಕದು ಎಂಬುದರ ಮೇಲೆ.

ಪ್ರೋಗ್ರಾಂ ತೆರೆದು ನೋಡಿದರೆ, ಪಟ್ಟಿ ರದ್ದು ಮಾಡುವಾಗ ಅದು ಒಳಸಾಲುಗಳನ್ನು ತಾನೇ ಮೊದಲು ಅಳಿಸುತ್ತದೆ. ಕ್ಯಾಸ್ಕೇಡ್ ಹಾಕಿದವರು ಅದು ಕೆಲಸ ಮಾಡದ್ದು ಕಂಡು ಕೋಡ್‌ನಲ್ಲಿ ಸರಿ ಮಾಡಿಕೊಂಡಿರಬೇಕು. ‘ನೋ ಆಕ್ಷನ್’ ಇಟ್ಟುಕೊಂಡೆ. ದುಡ್ಡಿನ ಟೇಬಲ್‌ಗಳಲ್ಲಿ ಕ್ಯಾಸ್ಕೇಡ್ ನನಗೆ ಮೊದಲಿಂದಲೂ ಆಗಿಬರುವುದಿಲ್ಲ.

ಒಂದು, ಎರಡು

ಒಂದೇ ಟ್ರಿಗರ್ ಉಳಿದಿದ್ದದ್ದು ಲಾಟ್‌ನಿಂದ ಬೆಳೆಗಾರನಿಗೆ ಹೋಗುವ ಕೊಂಡಿಯಲ್ಲಿ. ಲಾಟ್ ಟೇಬಲ್ ಮೇಲಿನದ್ದು ಇದೆ, ಬೆಳೆಗಾರ ಟೇಬಲ್ ಮೇಲಿನ ಎರಡೂ ಇಲ್ಲ. ಇದು ಹೇಗಾಗಿರಬಹುದು ಎಂದು ಊಹಿಸುವುದು ಕಷ್ಟವಲ್ಲ. ಯಾರೋ ಲಾಟ್ ಟೇಬಲ್ ಒಂದನ್ನೇ ಡಂಪ್ ಮಾಡಿ, ಹಳೆಯದನ್ನು ಬೀಳಿಸಿ, ಮತ್ತೆ ತುಂಬಿದ್ದಾರೆ. ಬೀಳಿಸಿದಾಗ ಎರಡೂ ಕಡೆಯ ಟ್ರಿಗರ್ ಹೋಗುತ್ತದೆ. ತುಂಬಿದಾಗ ಆ ಒಂದು ಟೇಬಲ್ ಮೇಲಿನದ್ದು ಮಾತ್ರ ವಾಪಸ್ ಬರುತ್ತದೆ. ಎರಡು ಉಳಿದಿದ್ದದ್ದು ಮುಂಗಡದ ಟೇಬಲ್‌ನಿಂದ ಬೆಳೆಗಾರನಿಗೆ ಹೋಗುವ ಕೊಂಡಿಯಲ್ಲಿ. ಅಲ್ಲಿ ಡಿಲೀಟ್ ಕಾಯುವುದು ಮಾತ್ರ ನಾಪತ್ತೆ. ಇದು ಅಪಘಾತದ ಹಾಗೆ ಕಾಣಲಿಲ್ಲ. ಬೇಕೆಂದೇ ಕಿತ್ತದ್ದು.

ಎರಡೂ ಕಡೆ ಒಂದೇ ಅರ್ಥ. ಬೆಳೆಗಾರನನ್ನು ಅಳಿಸಿದರೆ ಕೇಳುವವರಿಲ್ಲ.

ಲಾಟ್ ಮತ್ತು ಬೆಳೆಗಾರ ಟೇಬಲ್‌ಗಳನ್ನು ಲೆಫ್ಟ್ ಜಾಯಿನ್ ಮಾಡಿ, ಬಲಗಡೆ ಖಾಲಿ ಇರುವುದನ್ನು ಎಣಿಸಿದೆ. 212 ಲಾಟ್‌ಗಳಿಗೆ ಬೆಳೆಗಾರರೇ ಇಲ್ಲ. ಮುಂಗಡದಲ್ಲಿ 9 ಸಾಲು, ಆರು ಜನರದ್ದು, ಒಟ್ಟು 61,500 ರೂಪಾಯಿ. ಯಾರಿಗೆ ಕೊಟ್ಟದ್ದು ಎಂಬುದಕ್ಕೆ ಹೆಸರೇ ಇಲ್ಲ.

ಸಂಜೆ ಮಂಡಿಗೆ ಹೋಗಿ ಹಿರಿಯ ಗುಮಾಸ್ತರ ಮುಂದೆ ಪ್ರಿಂಟ್‌ಔಟ್ ಇಟ್ಟೆ. ಕನ್ನಡಕ ಏರಿಸಿ ನಂಬರ್‌ಗಳ ಮೇಲೆ ಬೆರಳಾಡಿಸಿದರು.

"ಇದು ಸತ್ತೋದವರದ್ದು ಮಾರಾಯ. ಪಾಲಾದ್ಮೇಲೆ ಮಕ್ಕಳ ಹೆಸರಲ್ಲಿ ಹೊಸ ಖಾತೆ ಮಾಡಿದ್ವಿ. ಹಳೇದು ಯಾಕೆ ಅಂತ ತೆಗಿಸಿದ್ವಿ."

"ತೆಗಿಯೋಕೆ ಬಿಡ್ತಾ ಸರ್ ಅದು?"

"ಮೊದ್ಲು ಬಿಡ್ತಿರ್ಲಿಲ್ಲ. ಎಂಥದೋ ಇಂಗ್ಲಿಷಲ್ಲಿ ಬರ್ತಿತ್ತು. ಆಗಿನ ಹುಡುಗ ಬಂದು ಎಂಥ ಮಾಡ್ದ್ನೋ, ಆಮೇಲೆ ಬರ್ಲಿಲ್ಲ."

ಆ ಇಂಗ್ಲಿಷ್ ಸಾಲೇ ಡಿಲೀಟ್ ಕಾಯುತ್ತಿದ್ದ ಟ್ರಿಗರ್.

212ರಲ್ಲಿ 140 ಲಾಟ್‌ಗಳ ಬೆಳೆಗಾರ ನಂಬರ್ ಸೊನ್ನೆ. ಇದು ನನಗೆ ಬಗೆಹರಿದಿರಲಿಲ್ಲ. ಲಾಟ್ ಕಡೆಯ ಟ್ರಿಗರ್ ಇದ್ದೇ ಇದೆ, ಇಲ್ಲದ ನಂಬರ್‌ಗೆ ಲಾಟ್ ಹಾಕಲು ಅದು ಬಿಡುವುದಿಲ್ಲ. ಹಾಗಾದರೆ ಸೊನ್ನೆ ಎಂಬ ಬೆಳೆಗಾರ ಒಂದು ಕಾಲಕ್ಕೆ ಇದ್ದಿರಲೇಬೇಕು. ತಾರೀಖು ನೋಡಿದರೆ ಎಲ್ಲವೂ 2009ರ ಮಾರ್ಚ್‌ಗಿಂತ ಹಿಂದಿನವು. ಗುಮಾಸ್ತರು ತಕ್ಷಣ ಹೇಳಿದರು: ಖಾತೆ ಇಲ್ಲದವರು ಒಂದೆರಡು ಚೀಲ ತಂದರೆ ‘ಬಿಡಿ’ ಎಂಬ ಹೆಸರಲ್ಲಿ ಹಾಕುತ್ತಿದ್ದರು, ವರ್ಷದ ಕೊನೆಗೆ ಯಾರೋ ಆ ಖಾತೆಯನ್ನು ಬೇಡವೆಂದು ತೆಗೆದರು. ಉಳಿದ 72 ಲಾಟ್ 30 ಜನರದ್ದು. ಬೀರುವಿನಿಂದ ಕೆಂಪು ಬಟ್ಟೆಯ ಲೆಡ್ಜರ್‌ಗಳು ಹೊರಬಂದವು. ಎರಡು ಸಂಜೆ ಕೂತು 27 ಹೆಸರು ಹುಡುಕಿದೆವು. ಮೂರು ಸಿಗಲಿಲ್ಲ. ಅವಕ್ಕೆ ‘ಹಳೇ ಖಾತೆ’ ಎಂದು ಬರೆದು ಪಕ್ಕದಲ್ಲಿ ನಂಬರ್ ಹಾಕಿದೆ. ಲಾಟ್‌ಗಳನ್ನೇ ಅಳಿಸಿಬಿಡಿ ಎಂದು ಒಬ್ಬ ಸ್ನೇಹಿತ ಫೋನಿನಲ್ಲಿ ಸಲಹೆ ಕೊಟ್ಟ. ವ್ಯಾಪಾರ ಆದದ್ದು ನಿಜ, ತೂಕ ಆದದ್ದು ನಿಜ. ಅಡಿಕೆಯನ್ನು ಇಲ್ಲವೆನ್ನುವುದು ಹೇಗೆ? ಬೆಳೆಗಾರರನ್ನೇ ವಾಪಸ್ ತಂದೆವು.

ಪೂರ್ತಿ ಇದ್ದ ಹತ್ತು

ಇವೂ ಎಲ್ಲಾ ಸಲೀಸಲ್ಲ. ಎಂಟು ಬರೆದದ್ದೇ ತಡ ಕೂತವು. ಒಂಬತ್ತನೆಯದು ಲಾಟ್‌ನ ದರ್ಜೆ. ದರ್ಜೆ ಟೇಬಲ್‌ನಲ್ಲಿ ಕೋಡ್ ಇಂಟಿಜರ್: 1 ರಾಶಿ, 2 ಬೆಟ್ಟೆ, 3 ಸರಕು, 4 ಗೊರಬಲು. ಲಾಟ್ ಟೇಬಲ್‌ನಲ್ಲಿ ಅದೇ ಕೋಡ್ ವಾರ್‌ಚಾರ್, ಅಂದರೆ ಅಕ್ಷರ! ಹಳೇ ಕಾಲದಲ್ಲಿ ಪೋಸ್ಟ್‌ಗ್ರೆಸ್ ಸಂಖ್ಯೆಯನ್ನು ತಾನೇ ಅಕ್ಷರ ಮಾಡಿಕೊಂಡು ಹೋಲಿಸುತ್ತಿತ್ತು. 8.3ರಿಂದ ಆ ಉದಾರತೆ ನಿಂತಿತು. ಈಗ ಫಾರಿನ್ ಕೀ ಹಾಕಲು ಹೋದರೆ ಎರಡು ಕಾಲಂಗಳ ಟೈಪ್ ಹೊಂದುವುದಿಲ್ಲ ಎಂದು ಖಡಕ್ಕಾಗಿ ನಿಲ್ಲುತ್ತದೆ. ಲಾಟ್ ಕಡೆಯ ಕಾಲಂನ್ನು ಇಂಟಿಜರ್‌ಗೆ ಬದಲಿಸಿದೆ. ಮೊದಲು ಅಲ್ಲಿದ್ದ ಎಲ್ಲಾ ಕೋಡ್‌ಗಳೂ ಶುದ್ಧ ಅಂಕಿಗಳೇ ಎಂದು ಖಾತ್ರಿ ಮಾಡಿಕೊಂಡೆ. ಪುಣ್ಯಕ್ಕೆ ಇದ್ದವು.

ಹತ್ತನೆಯದು ಖರೀದಿದಾರರ ಕೋಡ್. ತಾಯಿ ಟೇಬಲ್‌ನ ಕಾಲಂ ಯುನೀಕ್ ಆಗಿರಲೇಬೇಕು, ಅಂದರೆ ಅಲ್ಲಿ ಒಂದು ಕೋಡ್ ಒಂದೇ ಸಲ ಇರಬೇಕು ಎನ್ನುವುದು ಫಾರಿನ್ ಕೀ ಹಾಕುವಾಗಿನ ನಿಯಮ. ಬಿಡಿ ಟ್ರಿಗರ್ ಹಾಕುವಾಗ ಅದನ್ನು ಯಾರೂ ಕೇಳುವುದಿಲ್ಲ. ಇಲ್ಲಿದ್ದದ್ದು ಮಾಮೂಲಿ ಇಂಡೆಕ್ಸ್. 57 ಎಂಬ ಕೋಡ್ ಎರಡು ಸಲ ಇತ್ತು: ಒಬ್ಬರೇ ವ್ಯಾಪಾರಿ, ಹೆಸರಿನ ಸ್ಪೆಲ್ಲಿಂಗ್ ಎರಡು. ಒಂದನ್ನು ತೆಗೆದು, ಯುನೀಕ್ ಮಾಡಿ, ಮುಂದೆ ಹೋದೆ.

ಈ ಹೆಸರುಗಳ ವಿಷಯ ಬಂತಲ್ಲ, ಹಳೇ ಕನ್ನಡ ಹೆಸರುಗಳೆಲ್ಲ ನುಡಿ ಫಾಂಟ್‌ನ ಹಳೇ ಸಂಕೇತದಲ್ಲಿದ್ದವು. ಅವನ್ನು ಯೂನಿಕೋಡ್ ಮಾಡಿದ್ದು ಇದಕ್ಕಿಂತ ದೊಡ್ಡ ಕೆಲಸ. ಅದು ಇನ್ನೊಂದು ದಿನಕ್ಕೆ.

ಭಾನುವಾರ

ಮಂಡಿ ಮುಚ್ಚಿದ ಭಾನುವಾರ ಬೆಳಿಗ್ಗೆ ಏಳಕ್ಕೆ ಶುರು ಮಾಡಿದೆ. ಹಳೇ ಸರ್ವರ್‌ಗೆ ಪ್ರೋಗ್ರಾಂನಿಂದ ಬರುವ ದಾರಿ ಮುಚ್ಚಿ, ಕೊನೆಯ ಡಂಪ್ ಎಳೆದೆ. ಪಿಜಿ_ರಿಸ್ಟೋರ್‌ನ ಪಟ್ಟಿಯನ್ನು ಫೈಲ್‌ಗೆ ಇಳಿಸಿ, ಆ 39 ಟ್ರಿಗರ್ ಸಾಲುಗಳ ಮುಂದೆ ಸೆಮಿಕೋಲನ್ ಹಾಕಿದೆ. ಸೆಮಿಕೋಲನ್ ಇದ್ದ ಸಾಲನ್ನು ಅದು ಬಿಟ್ಟುಬಿಡುತ್ತದೆ. ಆ ಪಟ್ಟಿಯನ್ನೇ ಕೊಟ್ಟು 16ಕ್ಕೆ ತುಂಬಿಸಿದೆ. ಹೀಗಾಗಿ ಹಳೇ ಟ್ರಿಗರ್‌ಗಳನ್ನು ಕೀಳುವ ಕೆಲಸವೇ ಬರಲಿಲ್ಲ, ಅವು ಹೊಸ ಮನೆಗೆ ಬರಲೇ ಇಲ್ಲ. ಪೋಸ್ಟ್‌ಗ್ರೆಸ್‌ನ ಸೋರ್ಸ್ ಕೋಡ್‌ನಲ್ಲಿ ಇಂಥ ಅನಾಥ ಟ್ರಿಗರ್‌ಗಳಿಗಾಗಿಯೇ ಒಂದು ಸುಳಿವಿನ ಸಾಲಿದೆ: ಈ ಟ್ರಿಗರ್‌ನ್ನೂ ಅದರ ಜೊತೆಗಾರರನ್ನೂ ತೆಗೆದುಹಾಕಿ, ಆಮೇಲೆ ಕನ್‌ಸ್ಟ್ರೇಂಟ್ ಸೇರಿಸಿ ಎನ್ನುತ್ತದೆ. ಜೊತೆಗಾರರು! ಬರೆದವರಿಗೂ ಅವು ಬಿಡಿಬಿಡಿಯಾಗಿ ಅಲೆಯುವುದು ಗೊತ್ತಿತ್ತು.

ನೀವು ಹಳೇ ಸರ್ವರ್‌ನಲ್ಲೇ ಕೀಳುವುದಾದರೆ ಒಂದು ಮಾತು. ಈ ಟ್ರಿಗರ್ ಹೆಸರುಗಳಲ್ಲಿ ದೊಡ್ಡ ಅಕ್ಷರಗಳಿವೆ. ಡಬಲ್ ಕೋಟ್ ಹಾಕದಿದ್ದರೆ ಪೋಸ್ಟ್‌ಗ್ರೆಸ್ ಎಲ್ಲವನ್ನೂ ಚಿಕ್ಕದು ಮಾಡಿಕೊಂಡು, ಅಂಥ ಟ್ರಿಗರ್ ಇಲ್ಲ ಎನ್ನುತ್ತದೆ. ನಕಲಿನಲ್ಲಿ ಆಡುವಾಗ ಹತ್ತು ನಿಮಿಷ ಇದಕ್ಕೇ ಹೋಯಿತು.

ಇಷ್ಟು ಹೊತ್ತಿಗೆ ಲಾಟ್‌ನ ಅನಾಥ ಸಾಲುಗಳಿಗೆ ಬೆಳೆಗಾರರು ಸಿದ್ಧರಿದ್ದರು. ಆದರೆ ಮುಂಗಡದ 9 ಸಾಲಿನ ಬಗ್ಗೆ ಮಾಲೀಕರು ಇನ್ನೂ ತೀರ್ಮಾನ ಹೇಳಿರಲಿಲ್ಲ. ಆ ಆರು ಜನರನ್ನು ಯಾವ ಮಗನ ಖಾತೆಗೆ ಜೋಡಿಸಬೇಕು ಎನ್ನುವುದು ಡೇಟಾಬೇಸ್ ಪ್ರಶ್ನೆಯಲ್ಲ, ಊರಿನ ಪ್ರಶ್ನೆ. ಅದಕ್ಕಾಗಿ ಆ ಆರು ಜನರನ್ನು ಮಾತ್ರ ಬೆಳೆಗಾರ ಟೇಬಲ್‌ಗೆ ಸದ್ಯಕ್ಕೆ ಸೇರಿಸಬೇಡ, ಅವರ ಲಾಟ್ ಕೂಡ ಹಾಗೇ ಇರಲಿ ಎಂದರು. ಸರಿ, ಲಾಟ್ ಮತ್ತು ಮುಂಗಡದ ಎರಡು ಕೊಂಡಿಗಳನ್ನು ‘ನಾಟ್ ವ್ಯಾಲಿಡ್’ ಎಂದು ಹಾಕಿದೆ. 9.1ರಿಂದ ಈ ಅನುಕೂಲ ಇದೆ. ಹಳೇ ಸಾಲುಗಳನ್ನು ಈಗ ಪರೀಕ್ಷಿಸುವುದಿಲ್ಲ, ಆದರೆ ಇವತ್ತಿನಿಂದ ಬರುವ ಪ್ರತಿಯೊಂದನ್ನೂ ಪರೀಕ್ಷಿಸುತ್ತದೆ. ಉಳಿದ ಹನ್ನೊಂದನ್ನು ಮಾಮೂಲಿಯಾಗಿ ಹಾಕಿದೆ. ಹದಿಮೂರಕ್ಕೂ ಹೆಸರಿಟ್ಟೆ. ಮುಂದೆ ಎರರ್ ಬಂದಾಗ ಯಾವುದು ತಡೆಯಿತು ಎಂದು ಫೋನಿನಲ್ಲೇ ಹೇಳಬಹುದು. ಮಗು ಟೇಬಲ್‌ಗಳ ಕೊಂಡಿ ಕಾಲಂಗಳಿಗೆ ಇಂಡೆಕ್ಸ್ ಇದೆಯಾ ಎಂದೂ ನೋಡಿದೆ, ಯಾಕೆಂದರೆ ಫಾರಿನ್ ಕೀ ಹಾಕಿದರೆ ಅದು ತಾನಾಗಿ ಬರುವುದಿಲ್ಲ. ಐದಕ್ಕೆ ಇರಲಿಲ್ಲ.

ಕೊನೆಗೆ ಮತ್ತೆ ಎಣಿಕೆ. ಪಿಜಿ_ಕನ್‌ಸ್ಟ್ರೇಂಟ್‌ನಲ್ಲಿ ಫಾರಿನ್ ಕೀ 13. ಒಳಗಿನ ಟ್ರಿಗರ್ 52. ಹದಿಮೂರು ನಾಲ್ಕಲೆ ಐವತ್ತೆರಡು. ಈ ಸಲ ಚಹಾಕ್ಕೆ ಏಳಲಿಲ್ಲ. ಒಂದೊಂದು ಕೊಂಡಿಯದ್ದೂ ಬಿಡಿಸಿ ಎಣಿಸಿದೆ. ನಾಲ್ಕು, ನಾಲ್ಕು, ನಾಲ್ಕು, ಹದಿಮೂರು ಸಲ. ಆಮೇಲೆ ಸುಮ್ನೆ ಒಂದು ಟ್ರಿಗರ್ ಕೀಳಲು ನೋಡಿದೆ. ಕನ್‌ಸ್ಟ್ರೇಂಟ್‌ಗೆ ಬೇಕು, ಬಿಡಲ್ಲ ಎಂದಿತು. ಆ ಎರರ್ ನೋಡಿ ಸಮಾಧಾನವಾಯಿತು.

ಸೋಮವಾರ ಹನ್ನೊಂದರ ಹೊತ್ತಿಗೆ ಗುಮಾಸ್ತರ ಫೋನ್.

"ಮತ್ತೆ ಇಂಗ್ಲಿಷಲ್ಲಿ ಬರ್ತಾ ಉಂಟಲ್ಲ ಮಾರಾಯ."

"ಯಾರನ್ನ ತೆಗೀತಿದ್ರಿ ಸರ್?"

"ಒಬ್ರು ಹೋದ್ವಾರ ತೀರ್ಕೊಂಡ್ರು. ತೆಗಿಯೋಣ ಅಂತ."

ಮಧ್ಯಾಹ್ನ ಹೋಗಿ ಬೆಳೆಗಾರರ ಪರದೆಯಲ್ಲಿ ಡಿಲೀಟ್ ಬಟನ್ ತೆಗೆದು, ‘ಖಾತೆ ಮುಗಿದಿದೆ’ ಎಂಬ ಟಿಕ್ ಬಾಕ್ಸ್ ಇಟ್ಟುಬಂದೆ. ಟಿಕ್ ಹಾಕಿದರೆ ಹೊಸ ಲಾಟ್ ಹಾಕುವಾಗ ಆ ಹೆಸರು ಕಾಣುವುದಿಲ್ಲ, ಹಳೇ ಲೆಕ್ಕದಲ್ಲಿ ಇರುತ್ತದೆ. ಮುಂಗಡದ ಆರು ಜನರಲ್ಲಿ ನಾಲ್ವರದ್ದು ಇತ್ಯರ್ಥವಾಗಿದೆ. ಇನ್ನಿಬ್ಬರ ಮಕ್ಕಳು ಬೆಂಗಳೂರಿನಲ್ಲಿದ್ದಾರಂತೆ, ದೀಪಾವಳಿಗೆ ಬಂದಾಗ ಮಾತಾಡುತ್ತಾರೆ. ‘ನಾಟ್ ವ್ಯಾಲಿಡ್’ ಎಂದು ಹಾಕಿದ ಆ ಎರಡು ಕೊಂಡಿಗಳ ಮೇಲೆ, ಹಳೇ ಸಾಲುಗಳನ್ನೂ ಪರೀಕ್ಷಿಸುವ ವ್ಯಾಲಿಡೇಟ್ ಕಮಾಂಡ್ ಓಡಿಸುವುದು ಅಲ್ಲಿಯವರೆಗೆ ಬಾಕಿ.